ಸ್ಟಾಫರ್ಡ್‌ಗೆ 37, ಮೆಕಾರ್ತಿಗೆ 22: ಡೈನಸ್ಟಿ ಲೀಗ್‌ನಲ್ಲಿ ಯಾರನ್ನ ಇಟ್ಕೊಳ್ಳೋದು?

ಎಡಿಸನ್_ರಂಗಣ್ಣ

ನಮಸ್ಕಾರ. ಮೂರು ದಿನದಿಂದ ತಲೆ ಕೆಟ್ಟು ಕೂತಿದೀನಿ, ಅದಕ್ಕೇ ಇಲ್ಲಿ ಹಾಕ್ತಿದೀನಿ.

ಅಮೆರಿಕನ್ ಫುಟ್‌ಬಾಲ್ ಫ್ಯಾಂಟಸಿ ಲೀಗ್ ನಮ್ಮದು: ಎನ್‌ಎಫ್‌ಎಲ್ ಆಟಗಾರರನ್ನ ಸೇರಿಸಿ ಟೀಮ್ ಮಾಡ್ಕೊಳ್ತೀವಿ, ಅವರ ನಿಜವಾದ ಆಟಕ್ಕೆ ನಮಗೆ ಪಾಯಿಂಟ್. 12 ಟೀಮಿನ ಸೂಪರ್‌ಫ್ಲೆಕ್ಸ್ ಡೈನಸ್ಟಿ. ಪಾಸಿಂಗ್ ಟಚ್‌ಡೌನ್‌ಗೆ 4, ಇಂಟರ್‌ಸೆಪ್ಷನ್‌ಗೆ ಮೈನಸ್ 2 (ಚೆಂಡು ಎದುರಾಳಿ ಗೆರೆ ದಾಟಿದ್ರೆ ಟಚ್‌ಡೌನ್, ಎಸೆದದ್ದನ್ನ ಎದುರಾಳಿ ಹಿಡಿದ್ರೆ ಇಂಟರ್‌ಸೆಪ್ಷನ್). ಹೋದ ವರ್ಷ ಫೈನಲ್‌ನಲ್ಲಿ ಸೋತೆ. ಎಷ್ಟು ಪಾಯಿಂಟಲ್ಲಿ ಅಂತ ಕೇಳಬೇಡಿ, ಮನೇಲಿ ಈಗಲೂ ಆ ನಂಬರ್ ಹೇಳಿ ರೇಗಿಸ್ತಾರೆ.

ನನ್ನ ಹತ್ರ ಚೆಂಡು ಎಸೆಯೋ ಮೂರು ಕ್ವಾರ್ಟರ್‌ಬ್ಯಾಕ್ ಇದ್ರು: ಜೇರೆಡ್ ಗಾಫ್, ಡೆರೆಕ್ ಕಾರ್, ಜೆ.ಜೆ. ಮೆಕಾರ್ತಿ. 2025ರ ಮೇ ತಿಂಗಳಲ್ಲಿ ಕಾರ್ ಭುಜ ನೋವು ಅಂತ ರಿಟೈರ್ ಆಗಿಬಿಟ್ಟ. 34 ವಯಸ್ಸಷ್ಟೇ. ಇನ್ನೆರಡು ವರ್ಷ ಆಡ್ತಾನೆ ಅಂತ ನಂಬಿಕೊಂಡಿದ್ದೆ. ಈಗ ಉಳಿದಿದ್ದು ಇಬ್ಬರು.

ಬಂದಿರೋ ಆಫರ್ ಇದು: ನಾನು ಮೆಕಾರ್ತಿ ಕೊಡಬೇಕು, ಅವರು ಮ್ಯಾಥ್ಯೂ ಸ್ಟಾಫರ್ಡ್ ಜೊತೆಗೆ 2026ರ ಒಂದು ಫಸ್ಟ್ ರೌಂಡ್ ಪಿಕ್ (ಡ್ರಾಫ್ಟ್ ಅನ್ನೋ ಹೊಸಬರ ಆಯ್ಕೆಯ ಮೊದಲ ಸುತ್ತಲ್ಲಿ ಒಬ್ಬನನ್ನ ಆರಿಸೋ ಸರದಿ) ಕೊಡ್ತಾರೆ. ಪಿಕ್ ಅವರದ್ದಲ್ಲ, ಮಧ್ಯದಲ್ಲಿ ಮುಗಿಸೋ ಟೀಮಿನದ್ದು.

ಮಿಕ್ಕ ಟೀಮ್ ಜಸ್ಟಿನ್ ಜೆಫರ್ಸನ್, ಡೆರಿಕ್ ಹೆನ್ರಿ, ಮೈಕ್ ಇವಾನ್ಸ್. ಹೆನ್ರಿಗೆ 31, ಇವಾನ್ಸ್‌ಗೆ ಆಗಸ್ಟಲ್ಲಿ 32. ಈ ವರ್ಷ ಗೆಲ್ಲದಿದ್ರೆ ಮುಂದಿನ ವರ್ಷ ವೃದ್ಧಾಶ್ರಮ ನಡೆಸಬೇಕಾಗತ್ತೆ.

ಏನ್ ಮಾಡಲಿ?

ತೋಟದ_ಮನೆ

ಕೊಡಬೇಡಿ. ಎರಡನೇ ಮಾತೇ ಇಲ್ಲ.

ಅಡಿಕೆ ಸಸಿ ನೆಟ್ಟು ಐದಾರು ವರ್ಷ ನೀರು ಹಾಕಿದವರ ಮನೇಲಿ ಬೆಳೆದವನು ನಾನು. ಇನ್ನೇನು ಹಿಂಗಾರ ಒಡೆಯೋ ಹೊತ್ತಿಗೆ ಸಸಿ ಮಾರಿ, ಪಕ್ಕದ ತೋಟದ ಮುದಿ ಮರ ಕೊಂಡವರನ್ನ ನಮ್ಮೂರಲ್ಲಿ ಯಾರೂ ನೋಡಿಲ್ಲ. ಮೆಕಾರ್ತಿ ಹೋದ ವರ್ಷ ಮಂಡಿ ನೋವಿಂದ ಇಡೀ ಸೀಸನ್ ಕೂತ. ಅಷ್ಟೂ ದಿನ ನೀವು ಜಾಗ ಕೊಟ್ಟು ಇಟ್ಕೊಂಡ್ರಿ. ಈಗ ಕುರ್ಚಿ ಅವನಿಗೆ ಸಿಗೋ ಹೊತ್ತಲ್ಲಿ ಮಾರ್ತೀರಾ? ಅವನು ಎಸೆಯೋದು ಅದೇ ಮಿನೆಸೋಟ ಟೀಮಲ್ಲಿ ಹಿಡಿಯೋ ನಿಮ್ಮ ಜೆಫರ್ಸನ್‌ಗೇ ತಾನೇ. ಒಂದು ಟಚ್‌ಡೌನ್‌ಗೆ ಎರಡು ಕಡೆ ಪಾಯಿಂಟ್.

ಸ್ಟಾಫರ್ಡ್ ಇನ್ನೆಷ್ಟು ವರ್ಷ? ಪ್ರತಿ ಫೆಬ್ರವರಿ ಬಂದ್ರೆ ಇರ್ತಾನೋ ಹೋಗ್ತಾನೋ ಅನ್ನೋ ನಾಟಕ. ಅವನು ರಿಟೈರ್ ಆದ ದಿನ ನಿಮ್ಮ ಕೈಲಿ ಉಳಿಯೋದು ಸೊನ್ನೆ. ಈಗ ತಾನೇ ಕಾರ್ ವಿಷಯದಲ್ಲಿ ನೋಡಿದ್ರಲ್ಲ.

ಹೊಸಬ_ನಾನು

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಈ ಸೂಪರ್‌ಫ್ಲೆಕ್ಸ್ ಅಂದ್ರೇನು? ನಮ್ಮ ಆಫೀಸ್ ಲೀಗಲ್ಲಿ ಕ್ವಾರ್ಟರ್‌ಬ್ಯಾಕ್‌ಗಳನ್ನ ಯಾರೂ ಕೇಳೋದೇ ಇಲ್ಲ, ಕೊನೇ ರೌಂಡಲ್ಲಿ ಸಿಗ್ತಾರೆ. ಇಲ್ಲಿ ಯಾಕೆ ಇಷ್ಟು ಗಲಾಟೆ?

ಲೆಕ್ಕದಕ್ಕ

ಮಾಮೂಲಿ ಲೀಗಲ್ಲಿ ಟೀಮಿಗೊಬ್ಬ ಕ್ಯೂಬಿ (ಕ್ವಾರ್ಟರ್‌ಬ್ಯಾಕ್), 12 ಟೀಮಿಗೆ 12. ಎನ್‌ಎಫ್‌ಎಲ್‌ನಲ್ಲಿ ಆಡೋರು 32 ಜನ. ಬೇಕಾದಷ್ಟು ಉಳೀತಾರೆ, ಅದಕ್ಕೇ ಬೆಲೆ ಇಲ್ಲ. ಸೂಪರ್‌ಫ್ಲೆಕ್ಸ್‌ನಲ್ಲಿ ಎರಡನೇ ಕ್ಯೂಬಿಯನ್ನೂ ಆಡಿಸಬಹುದು, ಆಡಿಸದವರು ಸೋಲ್ತಾರೆ. ಅಂದ್ರೆ ವಾರಕ್ಕೆ 24. ಬೈ ವಾರಕ್ಕೆ (ಮ್ಯಾಚ್ ಇಲ್ಲದ ವಾರ), ಗಾಯಕ್ಕೆ ಅಂತ ಎಲ್ಲರೂ ಮೂರನೆಯವನನ್ನ ಇಟ್ಕೊಳ್ಳೋಕೆ ಹೊರಟ್ರೆ 36 ಬೇಕು, ಇರೋದು 32. ಬೇಸಿಗೇಲಿ ನೀರಿನ ಟ್ಯಾಂಕರ್ ಬಂದಾಗ ಏನಾಗತ್ತೋ ಅದೇ ಇಲ್ಲೂ ಆಗೋದು.

ಜೊತೆಗೆ ಇದು ಡೈನಸ್ಟಿ. ವರ್ಷವರ್ಷ ಹೊಸದಾಗಿ ಟೀಮ್ ಕಟ್ಟಲ್ಲ, ಇರೋರನ್ನೇ ಇಟ್ಕೊಂಡು ಹೋಗ್ತೀವಿ. ಹಾಗಾಗಿ 22ರ ಹುಡುಗನಿಗೆ ಜನ ಹತ್ತು ವರ್ಷದ ಬೆಲೆ ಕಟ್ತಾರೆ.

ರಂಗಣ್ಣ, ನಿಮ್ಮದಕ್ಕೆ ರಾತ್ರಿ ಬರೀತೀನಿ. ಲೆಕ್ಕ ಹಾಕಬೇಕು.

ಧಾರವಾಡ_ಮಂದಿ

ಹತ್ತು ವರ್ಷದ ಬೆಲೆ ಅಂತ! ಅಕ್ಕಾರ, ನನ್ನ ಹೊಟ್ಟಿ ಉರಸಬ್ಯಾಡ್ರಿ.

2021ರ ಬ್ಯಾಸಗಿಯಾಗ ನನ್ನ ಹತ್ರ ಆರನ್ ರಾಜರ್ಸ್ ಇದ್ದ. 37 ಆತು, ಮುದುಕ ಆದ, ಮಾರೂಣು ಅಂತ ಮಾರಿದ್ನಿ. ತಗೊಂಡಿದ್ದು ಯಾರ್ನ? ಟ್ರೇ ಲ್ಯಾನ್ಸ್. ಸ್ಯಾನ್ ಫ್ರಾನ್ಸಿಸ್ಕೊ ಫೋರ್ಟಿನೈನರ್ಸ್‌ನವ್ರು ಮೂರು ಫಸ್ಟ್ ರೌಂಡ್ ಪಿಕ್ ಸುರದು ಮೂರನೇ ನಂಬರಿಗೆ ಏರಿ ತಗೊಂಡ ಹುಡುಗ. ಅವ್ರೇ ಅಷ್ಟು ಕೊಟ್ಟಾರಂದ ಮ್ಯಾಲೆ ನಂದೇನು ಅಂದ್ಕೊಂಡ್ನಿ.

ಆ ವರ್ಷ ರಾಜರ್ಸ್ 37 ಟಚ್‌ಡೌನ್, ಬರೇ 4 ಇಂಟರ್‌ಸೆಪ್ಷನ್, ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ). ನನ್ನ ಹುಡುಗ ಬೆಂಚಿನ ಮ್ಯಾಲೆ ಕುಂತಿದ್ದ. ಮರುವರ್ಷ ಎರಡನೇ ಮ್ಯಾಚಿನ್ಯಾಗ ಕಾಲ ಮುರಕೊಂಡ. 2023ರ ಆಗಸ್ಟಿನ್ಯಾಗ ಒಂದ ನಾಲ್ಕನೇ ರೌಂಡ್ ಪಿಕ್ಕಿಗೆ ಮಾರಿದ್ರು. ಎಲ್ಲಿಗೆ ಅಂತೀರಿ? ನಾ ಇರೋ ಡಲ್ಲಾಸಿಗೇ! ನನ್ನ ಅಣಕಿಸಾಕಂತ ಬಂದಂಗ ಆತು.

ಆ ವರ್ಷ ಮೊದಲ 15 ಪಿಕ್ಕಿನ್ಯಾಗ ಐದು ಮಂದಿ ಕ್ಯೂಬಿ ಹೋದ್ರು: ಲಾರೆನ್ಸ್, ವಿಲ್ಸನ್, ಲ್ಯಾನ್ಸ್, ಫೀಲ್ಡ್ಸ್, ಜೋನ್ಸ್. ಇವತ್ತ ತಗೊಂಡ ಟೀಮಿನ್ಯಾಗ ಉಳದಾಂವ ಲಾರೆನ್ಸ್ ಒಬ್ಬನ. ಇದನ್ನ ಅಡಿಕಿ ತ್ವಾಟ ಅಂತೀರೇನು ತೋಟದಮನಿಯವ್ರ?

ತೋಟದ_ಮನೆ

ಕೊಳೆ ರೋಗ ಎಲ್ಲ ತೋಟಕ್ಕೂ ಬರತ್ತೆ ಧಾರವಾಡದ ಸಾಹೇಬರೇ. ಅದಕ್ಕೆ ಅಡಿಕೆ ಹಾಕೋದು ಬಿಡ್ತಾರಾ?

ನೀವು ಒಂದು ವರ್ಷದ ಕಥೆ ಹೇಳಿದ್ರಿ, ನಾನು ಇನ್ನೊಂದು ಹೇಳ್ತೀನಿ. 2018ರಲ್ಲಿ ಜಾಶ್ ಆಲೆನ್ ಎಸೆದಿದ್ದರಲ್ಲಿ ಗುರಿ ಸೇರಿದ್ದು ನೂರಕ್ಕೆ 52.8. ಜನ ನಕ್ಕರು. ಆವಾಗ ಮಾರಿದವರು ಈಗ ಎಲ್ಲಿದ್ದಾರೆ? ಅವನು 2024ರ ಎಂವಿಪಿ. ಅದೇ ಡ್ರಾಫ್ಟಲ್ಲಿ 32ನೇ ನಂಬರಿಗೆ ಹೋದ ಲಮಾರ್ ಜಾಕ್ಸನ್‌ಗೆ ಎರಡು ಎಂವಿಪಿ. ಮಹೋಮ್ಸ್ ಮೊದಲ ವರ್ಷ ಅಲೆಕ್ಸ್ ಸ್ಮಿತ್ ಹಿಂದೆ ಕೂತಿದ್ದ, ಮರುವರ್ಷ 50 ಟಚ್‌ಡೌನ್. ಇಂಥವನೊಬ್ಬ ಕೈಗೆ ಸಿಕ್ರೆ ಎಂಟು ವರ್ಷ ಆ ಜಾಗದ ಚಿಂತೆ ಇಲ್ಲ. ಆ ಒಬ್ಬನಿಗಾಗಿ ನಾಲ್ಕು ಸಸಿ ಸತ್ರೂ ನನಗೆ ಪರವಾಗಿಲ್ಲ.

ಹದಿನೆಂಟು ವರ್ಷ ಕಾದು ಈ ಜೂನ್ 3ಕ್ಕೆ ಕಪ್ ನೋಡಿದ ಜನ ನಾವು. ಕಾಯೋದನ್ನ ನಮಗೆ ಹೇಳಿಕೊಡಬೇಡಿ.

ಧಾರವಾಡ_ಮಂದಿ

ಆ ಹದಿನೆಂಟು ವರ್ಷ ಕೊಹ್ಲಿನ್ನ ಮಾರಲಿಲ್ಲಲ್ರೀ. 36ನೇ ವಯಸ್ಸಿನ್ಯಾಗ ಕಪ್ ಎತ್ತಿದ. ಇದು ನನ್ನ ಪಾರ್ಟಿ ಸಾಕ್ಷಿ, ನಿಮ್ಮದಲ್ಲ.

ತೋಟದ_ಮನೆ

2008ರಲ್ಲಿ ತಗೊಂಡಾಗ ಅವನಿಗೆ 19. ನನ್ನ ಪಾರ್ಟಿನೇ.

ರಾತ್ರಿಪಾಳಿ

ಇಬ್ಬರೂ ಸುಮ್ನಿರ್ರಪ್ಪ. ಬೆಂಗಳೂರಲ್ಲಿ ಈಗ ಬೆಳಗಿನ ಜಾವ ನಾಲ್ಕು ಗಂಟೆ, ಇದನ್ನೆಲ್ಲ ಓದ್ಕೊಂಡು ಕೂತಿದೀನಿ ನೋಡಿ, ನನ್ನ ಹಣೆಬರಹ.

ನನ್ನದೊಂದು ಸೇರಿಸಿ. 2019ರ ಆಗಸ್ಟ್ 24. ಅಮೆರಿಕದಲ್ಲಿರೋ ನಿಮಗೆ ಶನಿವಾರ ರಾತ್ರಿ, ನಮಗೆ ಭಾನುವಾರ ಬೆಳಗ್ಗೆ. ತಟ್ಟೆಲಿ ಇಡ್ಲಿ, ಕೈಲಿ ಫೋನು. ಪ್ರೀಸೀಸನ್ ಮ್ಯಾಚ್ ನಡೀತಿರುವಾಗಲೇ ಸುದ್ದಿ: ಆಂಡ್ರೂ ಲಕ್ ರಿಟೈರ್. ಹಿಂದಿನ ಸೀಸನ್ 39 ಟಚ್‌ಡೌನ್ ಹೊಡೆದವನು, ವಯಸ್ಸು 29. ಗಾಯ, ಚಿಕಿತ್ಸೆ, ಮತ್ತೆ ಗಾಯ, ಸಾಕಾಯ್ತು ಅಂದ. ಅವನ ಮಟ್ಟಿಗೆ ಸರಿನೇ. ಆದರೆ ನಾನು ಅವನಿಗೆ ಕಟ್ಟಿದ್ದು ಇನ್ನೂ ಎಂಟು ವರ್ಷದ ಬೆಲೆ. ಅದೇ ಲೀಗಲ್ಲಿ ಇನ್ನೊಬ್ಬನ ಹತ್ರ 42ರ ಟಾಮ್ ಬ್ರೇಡಿ ಇದ್ದ. ಅವನು ಆಮೇಲೂ ನಾಲ್ಕು ಸೀಸನ್ ಆಡಿದ, 2021ರಲ್ಲಂತೂ 5,316 ಯಾರ್ಡ್, 43 ಟಚ್‌ಡೌನ್.

ಅಂದಿನಿಂದ ಹುಟ್ಟಿದ ತಾರೀಖು ನೋಡಿ ಬೆಲೆ ಕಟ್ಟೋದು ಬಿಟ್ಟಿದೀನಿ.

ಲೆಕ್ಕದಕ್ಕ

ಲೆಕ್ಕ ತಂದಿದೀನಿ. ರಂಗಣ್ಣನ ಲೀಗಿನ ರೂಲ್ ಪ್ರಕಾರ, 25 ಪಾಸಿಂಗ್ ಯಾರ್ಡಿಗೆ 1, 10 ಓಟದ ಯಾರ್ಡಿಗೆ 1, ಓಡಿ ಹೊಡೆದ ಟಚ್‌ಡೌನ್‌ಗೆ 6 ಅಂತ ಇಟ್ಕೊಂಡು. ಎಲ್ಲ 2024ರದ್ದು.

ಸ್ಟಾಫರ್ಡ್: 3,762 ಯಾರ್ಡ್, 20 ಟಚ್‌ಡೌನ್, 8 ಇಂಟರ್‌ಸೆಪ್ಷನ್. ಒಟ್ಟು ಸುಮಾರು 214. ಆಡಿದ್ದು 16 ಮ್ಯಾಚ್, ಅಂದ್ರೆ ಮ್ಯಾಚಿಗೆ 13 ಚಿಲ್ಲರೆ. ಓಟ ಅವನಿಗೆ ಲೆಕ್ಕಕ್ಕಿಲ್ಲ.

ಗಾಫ್: 4,629 ಯಾರ್ಡ್, 37, 12. ಸುಮಾರು 309, ಮ್ಯಾಚಿಗೆ 18.

ಈಗ ಜೇಡನ್ ಡೇನಿಯಲ್ಸ್ ನೋಡಿ, ಮೊದಲ ವರ್ಷದ ಹುಡುಗ. ಕೈಯಿಂದ 3,568 ಯಾರ್ಡ್, 25 ಟಚ್‌ಡೌನ್, 9 ಇಂಟರ್‌ಸೆಪ್ಷನ್: 225 ಪಾಯಿಂಟ್. ಕಾಲಿಂದ 891 ಯಾರ್ಡ್, 6 ಟಚ್‌ಡೌನ್: 125. ಒಟ್ಟು 350. ಕೈ ಲೆಕ್ಕದಲ್ಲಿ ಗಾಫ್‌ಗಿಂತ 84 ಹಿಂದೆ ಇದ್ದವನು ಕಾಲಿನ ದೆಸೆಯಿಂದ 41 ಮುಂದೆ ಹೋದ. ಹುಡುಗರಿಗೆ ಬೆಲೆ ಜಾಸ್ತಿ ಅಂತೀವಲ್ಲ, ಅದರ ಅರ್ಧ ನಿಜವಾಗಿ ಕಾಲಿನ ಬೆಲೆ. ಓಡದ ಹುಡುಗನಿಗೂ ಅದೇ ರೇಟ್ ಕೊಟ್ರೆ ಮೋಸ ಹೋದ ಹಾಗೆ. ಮೆಕಾರ್ತಿ ಡೇನಿಯಲ್ಸ್ ತರಹ ಓಡೋನಲ್ಲ.

ಆದರೆ ತೋಟದಮನೆಯವರ ಪರವಾಗಿಯೂ ಒಂದು ಲೆಕ್ಕ ಇದೆ. ಹೋದ ವರ್ಷ ಮೆಕಾರ್ತಿ ಜಾಗದಲ್ಲಿ ಆಡಿದ ಸ್ಯಾಮ್ ಡಾರ್ನಲ್ಡ್‌ನ 4,319 ಯಾರ್ಡ್, 35 ಟಚ್‌ಡೌನ್, 12 ಇಂಟರ್‌ಸೆಪ್ಷನ್ ಸೇರಿಸಿದ್ರೆ ಮ್ಯಾಚಿಗೆ 17. ಯಾರಿಗೂ ಬೇಡವಾಗಿದ್ದವನು ಮಿನೆಸೋಟದ ಕುರ್ಚಿ ಮೇಲೆ ಕೂತು 17 ಗಳಿಸಿದ, ಸೂಪರ್‌ಬೌಲ್ (ಎನ್‌ಎಫ್‌ಎಲ್ ಫೈನಲ್) ಗೆದ್ದ ಸ್ಟಾಫರ್ಡ್ ಲಾಸ್ ಏಂಜಲೀಸ್‌ನ ಕುರ್ಚಿಲಿ 13.

ಹಾಗಾಗಿ ನನ್ನ ಪ್ರಕಾರ ನೋಡಬೇಕಾದ್ದು ಕುರ್ಚಿ. ಕೋಚ್ ಯಾರು, ಎದುರಿಗೆ ಹಿಡಿಯೋರು ಯಾರು, ಎರಡು ಮ್ಯಾಚ್ ಸೋತ್ರೆ ಎಬ್ಬಿಸಿ ಕಳಿಸ್ತಾರಾ ಇಲ್ವಾ. ವಯಸ್ಸು ಆಮೇಲೆ. 2023ರ ಮೊದಲ ಪಿಕ್ ಬ್ರೈಸ್ ಯಂಗ್‌ನ 2024ರಲ್ಲಿ ಎರಡೇ ಮ್ಯಾಚಿಗೆ ಎಬ್ಬಿಸಿದ್ರು. ನಾಲ್ಕನೇ ಪಿಕ್ ಆಂಟನಿ ರಿಚರ್ಡ್ಸನ್‌ನ ಎಬ್ಬಿಸಿ ಕೂರಿಸಿದ್ದು ಯಾರನ್ನ? 39ರ ಜೋ ಫ್ಲಾಕೋನ.

ಎಡಿಸನ್_ರಂಗಣ್ಣ

ಅಕ್ಕಾ, ನೀವು ಗೊಂದಲ ಕಳೀತೀರಿ ಅಂದ್ಕೊಂಡಿದ್ದೆ. ಡಬಲ್ ಮಾಡಿದ್ರಿ.

ಡೆಟ್ರಾಯಿಟ್_ಗೌಡ

ರಂಗಣ್ಣ, ನಿನ್ನ ಟ್ರೇಡನ್ನ ನಿಜವಾದ ಟೀಮುಗಳೇ ಒಂದು ಸಲ ಮಾಡಿ ನೋಡಿವೆ. ಇಷ್ಟು ಹೊತ್ತು ಯಾರೂ ಹೇಳಲಿಲ್ಲ ಅಂತ ಕಾಯ್ತಿದ್ದೆ. ಅದೂ ಇದೇ ಸ್ಟಾಫರ್ಡ್, ನಿನ್ನ ಹತ್ರ ಇರೋ ಇದೇ ಗಾಫ್.

2021ರ ಆರಂಭ. ನಾನು ಇಲ್ಲಿಗೆ ಬಂದಾಗಿಂದ ಡೆಟ್ರಾಯಿಟ್ ಲಯನ್ಸ್ ಟೀಮಿನ ಹಿಂದೆ ಬಿದ್ದವನು, ಸೋಲೋದು ಅಭ್ಯಾಸ ಆಗಿತ್ತು. ಸ್ಟಾಫರ್ಡ್ 12 ವರ್ಷ ನಮಗೆ ಎಸೆದ, ಒಂದು ಪ್ಲೇಆಫ್ ಗೆಲ್ಲಲಿಲ್ಲ. 33 ಆಗ್ತಿತ್ತು. ಲಾಸ್ ಏಂಜಲೀಸಿನ ರ‍್ಯಾಮ್ಸ್‌ನವರು 26ರ ಗಾಫ್‌ನ ಕೊಟ್ಟು, ಜೊತೆಗೆ 2022, 2023ರ ಎರಡು ಫಸ್ಟ್, 2021ರ ಒಂದು ಥರ್ಡ್ ಕೊಟ್ಟು ಅವನನ್ನ ಒಯ್ದರು. ಸರಿಯಾಗಿ ಓದ್ಕೋ: ಚಿಕ್ಕವನನ್ನ ಕೊಟ್ಟವರೇ ಮೇಲಿಂದ ಪಿಕ್ಕೂ ಕೊಟ್ಟರು. ನಿನಗೆ ಈಗ ಬಂದಿರೋ ಆಫರ್ ಉಲ್ಟಾ, ದೊಡ್ಡವನನ್ನ ಕೊಡೋರೇ ಪಿಕ್ ಕೊಡ್ತಿದ್ದಾರೆ.

ಮೊದಲ ವರ್ಷವೇ ರ‍್ಯಾಮ್ಸ್ ಸೂಪರ್‌ಬೌಲ್ ಗೆದ್ದರು. ಸ್ಟಾಫರ್ಡ್ 4,886 ಯಾರ್ಡ್, 41 ಟಚ್‌ಡೌನ್. ಮರುವರ್ಷ ಅವನು ಒಂಬತ್ತೇ ಮ್ಯಾಚ್ ಆಡಿದ, ಟೀಮ್ ಮಲಗಿತು, ಅವರ ಪಿಕ್ ಆರನೇ ನಂಬರಾಗಿ ನಮ್ಮ ಕೈಗೆ ಬಂತು. ಅದನ್ನ ನಮ್ಮವರು 12, 34ನೇ ಎರಡು ಪಿಕ್ ಆಗಿ ಒಡೆದು ಗಿಬ್ಸ್, ಲಾಪೋರ್ಟಾ ಇಬ್ಬರನ್ನೂ ತಗೊಂಡರು. ಇನ್ನೊಂದು ಫಸ್ಟ್ ಸೇರಿಸಿ ಜೇಮ್ಸನ್ ವಿಲಿಯಮ್ಸ್. ಎಲ್ಲರೂ ಮುಗಿದ ಅಂದ ಗಾಫ್ ಇಲ್ಲಿ ಗಟ್ಟಿಯಾದ.

2024ರ ಜನವರಿ 14, ನಮ್ಮ ಸ್ಟೇಡಿಯಂ ಫೋರ್ಡ್ ಫೀಲ್ಡ್. ಪ್ಲೇಆಫಲ್ಲಿ ಎದುರಾಳಿ ಸ್ಟಾಫರ್ಡೇ. 24-23ಕ್ಕೆ ಗೆದ್ದೆವು. 1992ರ ಜನವರಿ ಆದಮೇಲೆ ನಮ್ಮ ಮೊದಲ ಪ್ಲೇಆಫ್ ಗೆಲುವು. ಪಕ್ಕದ ಸೀಟಿನ ಎಪ್ಪತ್ತರ ಅಜ್ಜ ನನ್ನನ್ನ ಅಪ್ಪಿಕೊಂಡು ಅತ್ತ, ನನ್ನ ಹೆಸರೂ ಗೊತ್ತಿಲ್ಲ ಅವನಿಗೆ. ವಿಷಯಕ್ಕೆ ಸಂಬಂಧ ಇಲ್ಲ, ಬರೀಬೇಕು ಅನ್ನಿಸ್ತು.

ಆ ಟ್ರೇಡಲ್ಲಿ ಇಬ್ಬರೂ ಗೆದ್ದರು ಅಂತ ನನ್ನ ಲೆಕ್ಕ. ಯಾಕಂದ್ರೆ ಒಬ್ಬರ ಮನೇಲಿ ಊಟ ತಯಾರಿತ್ತು, ಉಪ್ಪು ಬೇಕಿತ್ತು. ಇನ್ನೊಬ್ಬರ ಮನೇಲಿ ಒಲೆಯೇ ಹತ್ತಿರಲಿಲ್ಲ. ನಿನ್ನ ಮನೇಲಿ ಹೆನ್ರಿ ಹೋದ ವರ್ಷ 1,921 ಯಾರ್ಡ್ ಓಡಿದಾನೆ. ಊಟ ಬಡಿಸಿಟ್ಟು ಉಪ್ಪಿಗೆ ಐದು ವರ್ಷ ಕಾಯ್ತೀಯಾ?

ಹೊಸಬ_ನಾನು

ಗೌಡ್ರೇ, ಹಾಗಾದ್ರೆ ಟೀಮ್ ಕೆಟ್ಟದಾಗಿರೋರು ಹುಡುಗರನ್ನ, ಚೆನ್ನಾಗಿರೋರು ಹಿರಿಯರನ್ನ ಅಂತಾನಾ? ಅಷ್ಟೇನಾ?

ಲೆಕ್ಕದಕ್ಕ

ಅಷ್ಟೇ ಆಗಿದ್ರೆ ಎಲ್ಲರೂ ಗೆಲ್ತಿದ್ರು. ಮೂರನೇ ಗುಂಪೊಂದಿದೆ, ಅದನ್ನ ಮಾರ್ಕೆಟ್ಟು ನೋಡೋದೇ ಇಲ್ಲ: 28ರಿಂದ 34ರವರೆಗಿನವರು. 22ರವನಿಗೆ ಆಸೆಯ ಬೆಲೆ ಇದೆ, 37ರವನು ಅಗ್ಗ ಅಂತ ಎಲ್ಲರಿಗೂ ಗೊತ್ತು. ಮಧ್ಯದವರು? 2018ರ ಮೊದಲ ಪಿಕ್ ಬೇಕರ್ ಮೇಫೀಲ್ಡ್‌ನ ನಾಲ್ಕು ವರ್ಷ ಆದಮೇಲೆ ಕಸದ ಹಾಗೆ ಬಿಸಾಕಿದ್ರು. ಹೋದ ವರ್ಷ 4,500 ಯಾರ್ಡ್, 41 ಟಚ್‌ಡೌನ್. ಅದೇ ವರ್ಷದ ಮೂರನೇ ಪಿಕ್ ಡಾರ್ನಲ್ಡ್ ಕಥೆ ಆಗಲೇ ಹೇಳಿದೆ. ಜೀನೋ ಸ್ಮಿತ್ 2013ರ ಡ್ರಾಫ್ಟಿನವನು, ಅವನ ಒಳ್ಳೇ ವರ್ಷ ಬಂದಿದ್ದು 2022ರಲ್ಲಿ. ಕ್ವಾರ್ಟರ್‌ಬ್ಯಾಕ್ ಕೆಲಸ ಕಲಿಯೋಕೆ ಕಾಲ ಬೇಕು. ಹುಡುಗನನ್ನ ದುಡ್ಡು ಕೊಟ್ಟು ಕೊಂಡವನು ಒಬ್ಬ, ಫಲ ತಿನ್ನೋನು ಇನ್ನೊಬ್ಬ. ಆ ಇನ್ನೊಬ್ಬರಾಗಿ.

ರಂಗಣ್ಣ, ಗೊಂದಲ ಡಬಲ್ ಮಾಡಿದ್ದಕ್ಕೆ ಪರಿಹಾರ ಹೇಳ್ತೀನಿ. ನಿಮ್ಮ ರೋಗ ಮೆಕಾರ್ತಿಯೂ ಅಲ್ಲ, ಸ್ಟಾಫರ್ಡೂ ಅಲ್ಲ. ಮೂರನೆಯವನು ಇಲ್ಲ, ಅದು ನಿಮ್ಮ ರೋಗ. ಟ್ರೇಡ್ ಮಾಡಿದ್ರೂ ಇಬ್ಬರೇ, ಮಾಡದಿದ್ರೂ ಇಬ್ಬರೇ. ಟ್ರೇಡ್ ಒಪ್ಕೊಳ್ಳಿ, ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಕೈಲಿ ಫಸ್ಟ್ ಇರತ್ತಲ್ಲ, ಆ ಧೈರ್ಯದ ಮೇಲೆ ನಿಮ್ಮದೇ ಸೆಕೆಂಡ್ ರೌಂಡ್ ಪಿಕ್ ಕೊಟ್ಟು ಜೀನೋ ಸ್ಮಿತ್ ಥರದವನನ್ನ ಕೇಳಿ. ಮಾರ್ಚಲ್ಲಿ ರೇಡರ್ಸ್ ಅವನನ್ನ ತಗೊಂಡಿದ್ದೇ ಒಂದು ಮೂರನೇ ರೌಂಡ್ ಪಿಕ್ಕಿಗೆ. ನಿಜವಾದ ಟೀಮಿಗೇ ಅಷ್ಟು ಅಗ್ಗ. ಒಂದು ಸಸಿ ಮಾರಿ ಎರಡು ಮರ.

ಒಂದು ಎಚ್ಚರಿಕೆ. ರ‍್ಯಾಮ್ಸ್ ಕೈಲಿ 2026ಕ್ಕೆ ಎರಡು ಫಸ್ಟ್ ಇವೆ, ತಮ್ಮದೊಂದು, ಅಟ್ಲಾಂಟದಿಂದ ಬಂದಿದ್ದೊಂದು. ಸ್ಟಾಫರ್ಡ್ ಕುರ್ಚಿಗೆ ಹೊಸಬನನ್ನ ತರೋಕೆ ಕಾಸು ಹೊಂದಿಸಿಟ್ಟ ಹಾಗಿದೆ. ಇವನು ಒಂದು ವರ್ಷದ ಬಾಡಿಗೆದಾರ ಅಂತ ತಿಳ್ಕೊಂಡೇ ತಗೊಳ್ಳಿ. ಎರಡನೇ ವರ್ಷ ಬಂದ್ರೆ ಲಾಭ.

ತೋಟದ_ಮನೆ

ಅಟ್ಲಾಂಟ ಅಂದಿರಲ್ಲ, ಒಳ್ಳೇದಾಯ್ತು. ಹಿರಿಯರನ್ನ ನಂಬಿದವರಿಗೆ ಏನಾಗತ್ತೆ ಅಲ್ಲೇ ನೋಡಿ. 2024ರ ಮಾರ್ಚಲ್ಲಿ ಕರ್ಕ್ ಕಸಿನ್ಸ್‌ಗೆ ನಾಲ್ಕು ವರ್ಷಕ್ಕೆ 18 ಕೋಟಿ ಡಾಲರ್ ಒಪ್ಪಂದ. ಏಪ್ರಿಲಲ್ಲಿ ಎಂಟನೇ ಪಿಕ್ಕಿಗೆ ಹೊಸ ಕ್ಯೂಬಿ ಪೆನಿಕ್ಸ್‌ನ ತಂದ್ರು. ಡಿಸೆಂಬರಲ್ಲಿ ಕಸಿನ್ಸ್ ಬೆಂಚಿಗೆ. 18 ಟಚ್‌ಡೌನ್, 16 ಇಂಟರ್‌ಸೆಪ್ಷನ್. ಮುದಿ ಮರ ಗಾಳಿಗೆ ಬಿದ್ರೆ ಸೌದೆಗೂ ಆಗಲ್ಲ.

ಪೇಟನ್ ಮ್ಯಾನಿಂಗ್ 2013ರಲ್ಲಿ 55 ಟಚ್‌ಡೌನ್, 2015ರಲ್ಲಿ 9. ಎರಡೇ ವರ್ಷದ ಅಂತರ. ಮೆಟ್ಟಿಲಿಳಿದ ಹಾಗಲ್ಲ ಅದು, ಬಾವಿಗೆ ಬಿದ್ದ ಹಾಗೆ.

ಡೆಟ್ರಾಯಿಟ್_ಗೌಡ

ಆ 9ರ ವರ್ಷವೇ ಮ್ಯಾನಿಂಗ್ ಸೂಪರ್‌ಬೌಲ್ ಗೆದ್ದಿದ್ದು ಮಾರಾಯ.

ತೋಟದ_ಮನೆ

ಫ್ಯಾಂಟಸಿಲಿ ಡಿಫೆನ್ಸ್ ಗೆಲ್ಲಿಸಿಕೊಟ್ಟ ಪಾಯಿಂಟು ಕ್ಯೂಬಿ ಲೆಕ್ಕಕ್ಕೆ ಬರಲ್ಲ ಗೌಡ್ರೇ.

ಎಡಿಸನ್_ರಂಗಣ್ಣ

ಮುಗಿಸಿದೆ. ನಿನ್ನೆ ರಾತ್ರಿ ಒಪ್ಪಿಕೊಂಡೆ. ಮೆಕಾರ್ತಿ ಹೋದ, ಸ್ಟಾಫರ್ಡ್ ಮತ್ತೆ ಫಸ್ಟ್ ಬಂತು. ಬಟನ್ ಒತ್ತಿದಮೇಲೆ ಅರ್ಧ ಗಂಟೆ ಸುಮ್ಮನೆ ಗೋಡೆ ನೋಡ್ತಾ ಕೂತಿದ್ದೆ. ಹೆಂಡತಿ ಆಫೀಸಲ್ಲೇನಾದ್ರೂ ಆಯ್ತಾ ಅಂತ ಕೇಳಿದಳು.

ತೋಟದಮನೆಯವರೇ ಬೈಕೊಳ್ಳಬೇಡಿ. ನೀವು ಹೇಳಿದ್ದು ತಪ್ಪು ಅಂತಲ್ಲ. ಹೆನ್ರಿಗೆ 31 ಆಗದೆ 25 ಆಗಿದ್ರೆ ನಿಮ್ಮ ಮಾತೇ ಕೇಳ್ತಿದ್ದೆ.

ಈಗ ಜೀನೋ. ಅವನು ನಮ್ಮ ಲೀಗಲ್ಲಿ ಇರೋದು ರಾತ್ರಿಪಾಳಿಯ ಹತ್ರ. ಹೌದು, ಇವನೂ ನಮ್ಮ ಲೀಗಿನವನೇ, ಇಷ್ಟೊತ್ತು ಅದನ್ನ ಬಾಯಿಬಿಡದೆ ಓದ್ತಿದ್ದಾನೆ. ತಮ್ಮಾ, 2026ರ ನನ್ನ ಸೆಕೆಂಡ್ ಕೊಡ್ತೀನಿ, ಕೊಡ್ತೀಯಾ?

ರಾತ್ರಿಪಾಳಿ

ಯೋಚನೆ ಮಾಡಿ ಹೇಳ್ತೀನಿ ಅಣ್ಣ. ಅವಸರ ಏನಿದೆ, ಸೀಸನ್ ತಯಾರಿ ಕ್ಯಾಂಪೇ ಶುರುವಾಗಿಲ್ಲ.

ಧಾರವಾಡ_ಮಂದಿ

ಎಲ್ರೂ ನೋಡಿದ್ರೇನು? ಕ್ಯಾಂಪ್ ಸುರು ಆಗೂದ್ರಾಗ ಸುದ್ದಿ ಬಂತು, ಸ್ಟಾಫರ್ಡ್‌ಗೆ ಬೆನ್ನುನೋವಂತ. ಪ್ರಾಕ್ಟೀಸಿಗೆ ಇಳಸಂಗಿಲ್ಲ ಅಂತ ಕೋಚ್ ಮ್ಯಾಕ್‌ವೇ ಹೇಳ್ಯಾನ. ರಂಗಣ್ಣಾ, ಇದ್ದೀಯೇನಪಾ?

ತೋಟದ_ಮನೆ

ನಾನು ಏನೂ ಮಾತಾಡಲ್ಲ.

ಲೆಕ್ಕದಕ್ಕ

ಗಾಬರಿ ಬೇಡ. 37ರವರನ್ನ ಜುಲೈಯಲ್ಲಿ ಹುಷಾರಾಗೇ ನೋಡ್ಕೋತಾರೆ. ಆದರೆ ಮೂರನೆಯವನು ಬೇಕು ಅಂತ ಹೇಳಿದ್ದು ಇದಕ್ಕೇ. ಮೊದಲು ಸ್ಟಾಫರ್ಡ್ ಹಿಂದೆ ಇರೋ ಜಿಮ್ಮಿ ಗರೊಪೊಲೊ ಖಾಲಿ ಇದ್ದಾನಾ ನೋಡಿ, ದುಡ್ಡಿಲ್ಲದೆ ಸಿಗ್ತಾನೆ. ಆಮೇಲೆ ಜೀನೋ ಮಾತು ಮುಗಿಸಿ.

ಎಡಿಸನ್_ರಂಗಣ್ಣ

ಬೆಳಗ್ಗೆ ಎದ್ದು ಮುಖಾನೂ ತೊಳೆಯದೆ ನೋಡಿದೆ. ಗರೊಪೊಲೊ ಇಲ್ಲ. ನಿನ್ನೆ ರಾತ್ರಿನೇ ಯಾರೋ ಎತ್ಕೊಂಡಿದಾರೆ. ನಮ್ಮ ಲೀಗಲ್ಲಿ ಆ ಹೊತ್ತಿಗೆ ಎಚ್ಚರ ಇರೋನು ಒಬ್ಬನೇ.

ರಾತ್ರಿಪಾಳಿ

ಪಾಳಿಲಿದ್ದೆ ಅಣ್ಣ. ಸುದ್ದಿ ಬಂದ ಎರಡೇ ನಿಮಿಷ.

ಅಂದಹಾಗೆ ಜೀನೋ ವಿಷಯ ಯೋಚನೆ ಮಾಡಿದೆ. ಸೆಕೆಂಡ್ ಬೇಡ. ಸ್ಟಾಫರ್ಡ್ ಜೊತೆ ಬಂತಲ್ಲ ಒಂದು ಫಸ್ಟ್, ಅದು ಕೊಟ್ಬಿಡಿ. ಗರೊಪೊಲೊನ ಮೇಲೆ ಹಾಕಿ ಕೊಡ್ತೀನಿ, ಕೊತ್ತಂಬರಿ ಕರಿಬೇವು ಹಾಕ್ದಂಗೆ.